ಏಳನೇ ಟೇಬಲ್ಲಿನ ರೀಡಿಂಗ್

"ತಾಳು! ಅಲ್ಲಿ ಮುಟ್ಟಿಸಬೇಡ!"

ಸರ್ಕ್ಯೂಟ್ ಲ್ಯಾಬಿನ ಮೊದಲ ದಿನ ಅವಳ ಬಾಯಿಂದ ಬಂದ ಮೊದಲ ಮಾತೇ ಅದು. ಆದರೆ ಕಾಲ ಮಿಂಚಿತ್ತು. ಏಳನೇ ಟೇಬಲ್ಲಿಗೆ ಅವಳ ಜೊತೆಗಾರನಾಗಿ ಬಂದ ಹುಡುಗ, ಕರೆಂಟ್ ಅಳೆಯುವ ಮೀಟರನ್ನು ನೇರವಾಗಿ ಸಪ್ಲೈಗೇ ಸಿಕ್ಕಿಸಿಬಿಟ್ಟಿದ್ದ.

ಟಪ್! ಮೀಟರಿನೊಳಗಿನ ಫ್ಯೂಸ್ ಹಾರಿಹೋಯಿತು. ಇಡೀ ಲ್ಯಾಬ್ ಗೊಳ್ಳೆಂದು ನಕ್ಕಿತು.

ಅಂದಿನಿಂದ ಅವನು ಎಲ್ಲರಿಗೂ 'ಫ್ಯೂಸ್'. ಅಪರೂಪಕ್ಕೆ ಬಾಯಿ ಬಿಡುವ ಅವಳು 'ಮೌನಗೌರಿ'.

"ನೀನು ಕಿರುಚಿದ್ದು ಅದೊಂದೇ ಸಲ ಕಣೇ. ಇನ್ನೊಂದು ಸಲ ಕೇಳ್ಬೇಕಂದ್ರೆ ಏನು ಸುಡಬೇಕು ಹೇಳು?" ಎಂದು ಅವನು ಕೆಣಕುವಾಗ ಅವಳ ಕಿವಿಯೆಲ್ಲ ಬಿಸಿಯಾಗುತ್ತಿತ್ತು.

ಒಂದು ವಾರ ಜ್ವರ ಬಂದು ಅವಳಿಗೆ ಲ್ಯಾಬ್ ತಪ್ಪಿತು. ಅವನು ತನ್ನ ರೀಡಿಂಗ್ ಕೊಟ್ಟ.

"ನಾನೇ ಅಳೆದಿದ್ದು. ಕಣ್ಣು ಮುಚ್ಕೊಂಡು ಬರ್ಕೋ."

ಅವಳು ಹಾಗೇ ಬರೆದುಕೊಂಡಳು.

ಮುಂದಿನ ವಾರ ಲ್ಯಾಬಿನ ಮೇಡಂ ಇಬ್ಬರ ರೆಕಾರ್ಡ್ ಪುಸ್ತಕವನ್ನೂ ಹಿಡಿದು ಅವರ ಟೇಬಲ್ಲಿನ ಮುಂದೆ ನಿಂತರು.

"ಎರಡು ಮಿಲಿಆಂಪ್! ಎಷ್ಟು ಚಂದದ ಉತ್ತರ! ಪ್ರತಿ ವರ್ಷ ಯಾವುದೋ ಒಂದು ಟೇಬಲ್ಲಿನ ರೆಸಿಸ್ಟರ್ ಮೇಲೆ, ಅದು ಎಷ್ಟು ಓಮ್ ಅಂತ ತೋರಿಸೋ ಪಟ್ಟಿಗೆ, ನಾನೇ ಬೇರೆ ಬಣ್ಣ ಬಳೀತೀನಿ. ಬಣ್ಣ ನೋಡಿ ಲೆಕ್ಕ ಹಾಕಿದವರಿಗೆ ಎರಡು ಬರುತ್ತೆ. ಅಳೆದವರಿಗೆ ಬರಲ್ಲ. ಹೇಳಿ, ಇದನ್ನ ಅಳೆದಿದ್ದು ಯಾರು?"

ಅವಳು ಅವನತ್ತ ನೋಡಿದಳು. ಹೇಳು... ಒಂದೇ ಒಂದು ಮಾತು ಹೇಳು!

ಅವನು ನೆಲ ನೋಡುತ್ತ ನಿಂತಿದ್ದ.

ಎರಡೂ ರೆಕಾರ್ಡಿನ ಮೇಲೆ ಕೆಂಪು ಗೆರೆ ಬಿತ್ತು. ಇಬ್ಬರೂ ಪರೀಕ್ಷೆಗೆ ಕೂರುವಂತಿಲ್ಲ.

"ಯಾಕೇ, ಊಟ ಹಾಗೇ ಬಿಟ್ಟಿದೀಯಾ?" ಮನೆಯಲ್ಲಿ ಅಕ್ಕ ಕೇಳಿದಳು.

"ಅವನು ಅಳೆದೆ ಅಂದ, ಅಕ್ಕಾ... ನಂಬಿದೆ."

"ಯಾಕೆ ಹಿಂಗ್ ಮಾಡ್ದೆ ಅಂತ ಕೇಳಿದ್ಯಾ?"

"ಪಕ್ಕದಲ್ಲೇ ಇದ್ದ! ಬಾಯಿ ಹೊಲ್ಕೊಂಡು ನಿಂತಿದ್ದ!"

ಪರೀಕ್ಷೆ ಹೋದದ್ದಕ್ಕಿಂತ ಆ ಮೌನವೇ ಅವಳನ್ನು ಹೆಚ್ಚು ಸುಟ್ಟಿತ್ತು. ಹನ್ನೊಂದು ದಿನ ಅವಳು ಕಾಲೇಜಿನತ್ತ ಸುಳಿಯಲಿಲ್ಲ. ಹನ್ನೆರಡನೇ ದಿನ ಮೇಡಂ ಅವರೇ ಫೋನ್ ಮಾಡಿ ಕರೆಸಿದರು.

"ಮಾರನೇ ದಿನವೇ ಅವನು ಬಂದು ಎಲ್ಲಾ ಒಪ್ಕೊಂಡ. ಕಾಲೇಜಿನ ಒಪ್ಪಿಗೆ ಸಿಕ್ಕಿದ್ದು ಮಾತ್ರ ಇವತ್ತು. ನೀನು ಮತ್ತೆ ಅಳೆದು ಬರೆದ್ರೆ ಪರೀಕ್ಷೆಗೆ ಕೂರಬಹುದು. ಅವನು ಮಾತ್ರ ಬರೋ ವರ್ಷ ಈ ಕೋರ್ಸನ್ನ ಮೊದಲಿಂದ ಮಾಡ್ಬೇಕು. ಇವತ್ತು ನೀನು ಹೇಳೋ ರೀಡಿಂಗ್ ಬರ್ಕೊಳ್ಳೋಕೆ ಬಂದಿದಾನೆ. ಬೇಡ ಅಂದ್ರೆ ಕಳಿಸ್ತೀನಿ."

ಅವಳು ನೇರ ಲ್ಯಾಬಿನೊಳಗೆ ನಡೆದಳು.

ಏಳನೇ ಟೇಬಲ್ಲಿನಲ್ಲಿ ಅವನು ಪೆನ್ನು ಹಿಡಿದು ಕೂತಿದ್ದ.

"ನಿಂಗೆ ಜ್ವರ ಇದ್ದ ದಿನ ಮತ್ತೆ ಫ್ಯೂಸ್ ಹೋಯ್ತು," ಎಂದ. "ಎಲ್ಲರೂ ನಗ್ತಾರೆ ಅಂತ... ಲೆಕ್ಕ ಹಾಕಿ ಬರೆದ್ಬಿಟ್ಟೆ."

"ಮೊದಲನೇ ದಿನ ನಾನು ನಕ್ಕಿದ್ನಾ? ನನ್ನ ಹತ್ರಾನೂ ಸುಳ್ಳು ಹೇಳಿದ್ಯಲ್ಲ!"

ಅವಳು ಕಿರುಚಿದ್ದು ಅದು ಎರಡನೇ ಸಲ. ಈ ಸಲ ಅವನು ಕೆಣಕಲಿಲ್ಲ. ಕಣ್ಣು ಮಾತ್ರ ತುಂಬಿ ಬಂತು.

ಅವಳು ವೈರು ಜೋಡಿಸಿದಳು. ಮೀಟರಿನ ಅಂಕಿ ಅಲುಗಾಡಿ ನಿಂತಿತು.

"ಒಂದು ಪಾಯಿಂಟ್ ಆರು."

"ಬರೆದೆ..." ಪೆನ್ನು ಕೆಳಗಿಟ್ಟು ಅವನು ಉಸಿರೆಳೆದುಕೊಂಡ. "ಇನ್ನೊಂದು ಮಾತಿದೆ. ನೀನಂದ್ರೆ ನಂಗೆ ಪ್ರಾಣ ಕಣೇ."

ಅವಳು ಮೀಟರಿನಿಂದ ಕಣ್ಣೆತ್ತಿದಳು.

"ಲೆಕ್ಕ ಹಾಕಿ ಹೇಳ್ತಿದೀಯಾ, ಅಳೆದು ಹೇಳ್ತಿದೀಯಾ?"

"ಅಳೆದು. ನೀನು ಬರದೇ ಇದ್ದ ಹನ್ನೊಂದು ದಿನ... ದಿನಾ ಬಂದು ಇದೇ ಸ್ಟೂಲ್ ಮೇಲೆ ಕೂತಿದ್ದೆ."

ಅವಳು ಮೀಟರಿನ ಎರಡೂ ವೈರುಗಳನ್ನು ಬಿಚ್ಚಿ ಅವನ ಕೈಗಿಟ್ಟಳು.

"ತಗೋ. ಈಗ ನೀನು ಅಳೆ. ನಾನು ನೋಡ್ತಿರ್ತೀನಿ."

"ಮತ್ತೆ ಫ್ಯೂಸ್ ಹೋದ್ರೆ?"

"ಹೋಗ್ಲಿ... ಮೊದಲು ನಂಗೆ ಹೇಳು. ಅಷ್ಟೇ."