ಎರಡನೇ ಹೆಬ್ಬೆಟ್ಟು

ಅಷ್ಟು ಜನರ ಎದುರು ಅವಳು ಆ ಮಾತು ಆಡದೇ ಹೋಗಿದ್ದರೆ ಶಿವರಾಮು ಚಿಕ್ಕಬೋರಮ್ಮನನ್ನು ಮರೆತೇಬಿಡುತ್ತಿದ್ದ. ಮದ್ದೂರು ಬಸ್‌ಸ್ಟ್ಯಾಂಡಿನ ಹತ್ತಿರ ಅವನದು ಮೊಬೈಲ್ ಅಂಗಡಿ. ಸಿಮ್ ಕೊಳ್ಳಲು ಬಂದಿದ್ದ ಆಕೆ ಕೊತ್ತತ್ತಿಯ ನಿವೃತ್ತ ನರ್ಸು. ಆಧಾರ್ ಜೆರಾಕ್ಸಿನ ಮೇಲೆ ಅಡ್ಡಲಾಗಿ ‘ಸಿಮ್ಮಿಗೆ ಮಾತ್ರ’ ಎಂದು ಬರೆದು ಸಹಿ ಹಾಕಿದಳು. ಅವನು ಇನ್ನೊಂದು ಪ್ರತಿಯನ್ನು ಡ್ರಾಯರಿಗೆ ಸರಿಸಿದ್ದೂ ಅವಳ ಕಣ್ಣಿಗೆ ಬಿತ್ತು.

“ಅದ್ಯಾಕ್ಲಾ ಎರಡು? ಅರ್ದಾಕು ನನ್ನೆದ್ರುಗೇ. ನಿಂದು ಅಂಗ್ಡಿಯೋ, ಕಳ್ಳರ ಸಂತೆಯೋ?”

ನಿಂತಿದ್ದವರೆಲ್ಲ ನಕ್ಕರು. ಶಿವರಾಮು ಹರಿದ. ಹರಿದದ್ದು ಕಾಗದ ಮಾತ್ರ. ಕಾರ್ಡಿನ ಫೋಟೊ ಆಗಲೇ ಅವನ ಮೊಬೈಲಿನಲ್ಲಿತ್ತು. ಆದರೆ ಅಂದಿನಿಂದ ಗಿರಾಕಿಗಳು ಸಿಮ್ಮಿಗೆ ಹೆಬ್ಬೆಟ್ಟು ಒತ್ತುವ ಮಷೀನಿನ ಮೇಲೆ ಬೆರಳಿಡುವ ಮುಂಚೆ ಅವನ ಮುಖ ನೋಡತೊಡಗಿದರು. ಅದನ್ನು ಅವನಿಂದ ಸಹಿಸಲಾಗಲಿಲ್ಲ. ಯಾರನ್ನೂ ನಂಬದ ಆ ಹೆಂಗಸಿನ ಬಾಯಿಂದಲೇ ಓಟಿಪಿ ಹೇಳಿಸಬೇಕು, ಅವಳ ಪಿಂಚಣಿ ಖಾತೆ ಬರಿದಾಗಬೇಕು.

ಅವಸರ ಮಾಡಲಿಲ್ಲ. ಮೊದಲು ತನ್ನದಲ್ಲದ ಒಂದು ನಂಬರು ಬೇಕಿತ್ತು. ಹನಕೆರೆಯ ಬೆಳ್ಳಮ್ಮ ಸಿಮ್ ಕೇಳಿಕೊಂಡು ಬಂದಾಗ, “ಸರ್ಯಾಗಿ ಬೀಳ್ಲಿಲ್ಲ ಕಣಮ್ಮ, ಇನ್ನೊಂದ್ ದಪ ಒತ್ತು” ಎಂದ. ಎರಡನೇ ಹೆಬ್ಬೆಟ್ಟಿಗೆ ಎರಡನೇ ಸಿಮ್ ಹುಟ್ಟಿತು. ಮುದುಕಿ ಒಂದನ್ನು ಸೆರಗಿಗೆ ಗಂಟು ಹಾಕಿಕೊಂಡು ಹೋದಳು. ಇನ್ನೊಂದು ಅವನಲ್ಲೇ ಉಳಿಯಿತು. ಮುಂದೆ ಪೊಲೀಸರು ಅಂಗಡಿಯವರೆಗೆ ಬಂದರೂ, ಅವಳೇ ಎರಡು ಕೊಂಡಳು ಎಂದರಾಯಿತು. ಬೆರಳು ಅವಳದೇ ತಾನೆ? ಯಾರೋ ರಿಪೇರಿಗೆ ಬಿಟ್ಟು ಒಯ್ಯದೇ ಹೋಗಿದ್ದ ಹಳೆಯ ಮೊಬೈಲ್ ಸೆಟ್ಟಿಗೆ ಆ ಸಿಮ್ ಹಾಕಿದ. ಟವರ್ ಮದ್ದೂರಿನದು ತೋರಿಸಬಾರದೆಂದು ಮಳವಳ್ಳಿಯ ಬಸ್ಸು ಹತ್ತಿದ.

ಬೆಳಿಗ್ಗೆ ಹತ್ತಕ್ಕೆ ಮಳವಳ್ಳಿ ಬಸ್‌ಸ್ಟ್ಯಾಂಡಿನಿಂದ, ದನಿ ಬದಲಿಸಿ, ಪುಸ್ತಕದ ಕನ್ನಡದಲ್ಲಿ ಮಾತಾಡಿದ. “ಪಿಂಚಣಿ ವಿಭಾಗದಿಂದ ಮೇಡಂ. ನಿಮ್ಮ ಜೀವಿತ ಪ್ರಮಾಣಪತ್ರ ಅಪ್‌ಡೇಟ್ ಆಗಿಲ್ಲ.” ಹುಟ್ಟಿದ ತಾರೀಖು, ಗಂಡನ ಹೆಸರು, ಮನೆ ನಂಬರು ಒಂದೊಂದಾಗಿ ಓದಿ, ಮೊಬೈಲಿಗೆ ಬರುವ ಓಟಿಪಿಯನ್ನು ನೋಡಿ ಹೇಳಿ ಎಂದ.

ಆ ಕಡೆಯ ದನಿ ಮೆತ್ತಗಾಯಿತು. “ಎಲ್ಲಾ ಸರ್ಯಾಗೇ ಯೋಳ್ತಿದ್ದೀರಿ ಸಾರ್. ನಾನೀಗ ಆಚೆ ಇವ್ನಿ, ಕನ್ನಡಕ ತಂದಿಲ್ಲ. ಮೂರು ಗಂಟೆಗೆ ಮಾಡಿ.”

ಅವಳ ಬಾಯಲ್ಲಿ ‘ಸಾರ್’! ಶಿವರಾಮು ಹೋಟೆಲಿಗೆ ಹೋಗಿ ಹೊಟ್ಟೆ ತುಂಬ ಮುದ್ದೆ ಉಂಡ. ಊಟವಾದ ಮೇಲೆ ಮಾತ್ರ ಅನುಮಾನ ಕಾಡಿತು. ಅಷ್ಟು ಬೇಗ ಮೆತ್ತಗಾದಳೇಕೆ? ಬೆಂಚಿನಲ್ಲಿ ಪಕ್ಕದವನು ಮೊಬೈಲ್ ಎತ್ತಿದ್ದಕ್ಕೇ ಎದ್ದು ಬೇರೆ ಕಡೆ ಕೂತ. ಸಿಮ್ಮು, ಸೆಟ್ಟು, ಟವರು, ದನಿ, ಎಲ್ಲವನ್ನೂ ಮತ್ತೆ ಮತ್ತೆ ತಿರುವಿ ನೋಡಿದ. ಎಲ್ಲಿಯೂ ಬಿರುಕಿರಲಿಲ್ಲ. ಮೂರಕ್ಕೆ ಸರಿಯಾಗಿ ಫೋನ್ ಮಾಡಿದ.

“ಓಟಿಪಿ ಬಂದಿದೆಯಾ ಮೇಡಂ?”

“ಬಂದೈತೆ, ಬರ್ಕೊ. ಅದ್ಕೂ ಮುಂಚೆ ಒಂದ್ ಮಾತು, ಸಿವರಾಮು. ನಾನೀಗ ಮಂಡ್ಯದ ಪೊಲೀಸ್ ಟೇಸನ್ನಲ್ಲಿ ಕೂತಿವ್ನಿ, ನಿನ್ ಮಾತ್ನ ಸಾಹೇಬ್ರೂ ಕೇಳುಸ್ಕೊತಾವ್ರೆ. ಬೆಳಿಗ್ಗೆ ನೀನು ಫೋನ್ ಮಾಡ್ದಾಗ್ಲೇ ನನ್ ಮೊಬೈಲ್ನಾಗೆ ನಿನ್ನೆಸ್ರು ಬಂದಿತ್ತು ಕಣ್ಲಾ, ಅಂಗ್ಡಿ ಸಮೇತ.”

ಶಿವರಾಮು ಫೋನ್ ಕಟ್ ಮಾಡಿ ಸಿಮ್ ಕಿತ್ತ. ಬೆಳ್ಳಮ್ಮನ ಹೆಸರಿನ ನಂಬರಿಗೆ ತನ್ನ ಹೆಸರು ಬಂದದ್ದಾದರೂ ಹೇಗೆ? ಆಗ ನೆನಪಾಯಿತು. ಸಿಮ್ ಚಾಲೂ ಆದ ಸಂಜೆ, ಲೈನ್ ಹೋಗುತ್ತದೋ ಇಲ್ಲವೋ ನೋಡಲು ಮನೆಗೊಮ್ಮೆ ಫೋನ್ ಮಾಡಿ, “ಬತ್ತಾ ಇವ್ನಿ, ಅನ್ನಕ್ಕಿಡು” ಎಂದಿದ್ದ. ಹೆಂಡತಿ ನಾಗಶ್ರೀ ಅದನ್ನು ‘ಶಿವರಾಮು ಮದ್ದೂರು ಅಂಗಡಿ’ ಎಂದು ಸೇವ್ ಮಾಡಿಕೊಂಡಿದ್ದಳು. ಅವಳ ಫೋನಿನಲ್ಲಿ, ಅಪರಿಚಿತರು ಕರೆ ಮಾಡಿದರೆ ಹೆಸರು ತೋರಿಸುವ ಒಂದು ಆ್ಯಪ್ ಇತ್ತು. ಒಬ್ಬರು ಸೇವ್ ಮಾಡಿದ ಹೆಸರನ್ನು ಹೆಕ್ಕಿ ಅದೇ ಆ್ಯಪ್ ಇದ್ದ ಊರವರಿಗೆಲ್ಲ ತೋರಿಸುವಂಥದ್ದು; ಚಿಕ್ಕಬೋರಮ್ಮನ ಫೋನಿನಲ್ಲೂ ಅದೇ ಇದ್ದಿರಬೇಕು. ನಾಗಶ್ರೀ ಅದನ್ನು ಬೇಕೆಂದು ಕೇಳಿದವಳಲ್ಲ. ಹೆಂಡತಿಗೆ ಯಾರೂ ಫೋನಿನಲ್ಲಿ ಟೋಪಿ ಹಾಕಬಾರದೆಂದು, ಅದು ಕೇಳಿದ್ದಕ್ಕೆಲ್ಲ ‘ಅನುಮತಿಸು’ ಒತ್ತಿ, ಅವನೇ ಹಾಕಿಕೊಟ್ಟಿದ್ದ.