ಯಶೋಧರಾ ಟೀಚರ್ ಒಲೆ ಆರಿಸಲಿಲ್ಲ

"ಏ! ಬೆಂಕಿ... ಬೆಂಕಿ!"

ವರಾಂಡದಲ್ಲಿ ಹೊಗೆ ಕಂಡದ್ದೇ ತಡ, ಅಂದೇ ಶಾಲೆಗೆ ವರ್ಗವಾಗಿ ಬಂದ ಗಣಿತದ ಮಾಸ್ತರ ಶರಣಕುಮಾರ ಕೊಡ ಎತ್ತಿ ನೀರು ಸುರಿದೇಬಿಟ್ಟ.

ಒಲೆ ಚುಂಯ್ ಎಂದಿತು. ಹಂಚಿನ ಮೇಲಿನ ಜೋಳದ ರೊಟ್ಟಿ ಮುದ್ದೆಯಾಯಿತು.

ಯಶೋಧರಾ ಎದ್ದು ನಿಂತಳು. ಕಣ್ಣಲ್ಲಿ ಕಿಡಿ!

"ಅಡಿಗಿ ಕ್ಲಾಸ್ ನಡೀಲಿಕತ್ತದ, ಕಾಣಂಗಿಲ್ಲೇನ್ರಿ?"

"ತಪ್ಪಾತ್ರಿ ಟೀಚರ್... ಸಾಲ್ಯಾಗ ಒಲಿ ಇರ್ತದಂತ ನನಗೇನು ಗೊತ್ತು?"

"ಈಗ ಗೊತ್ತಾತಲ್ಲ? ಒಣಾ ಕಟ್ಟಿಗಿ ತರ್ರಿ!"

ಮಕ್ಕಳು ಗೊಳ್ಳೆಂದು ನಕ್ಕರು. ಅವನು ಕಟ್ಟಿಗೆ ಹುಡುಕಲು ಹೋದ.

ಚಿಂಚೋಳಿ ಹತ್ತಿರದ ಆ ಸಣ್ಣೂರಿನ ಶಾಲೆಯಲ್ಲಿ ಯಶೋಧರಾ ಅತಿಥಿ ಶಿಕ್ಷಕಿ. ಚಿತ್ರ, ವಿನ್ಯಾಸ, ಅಡುಗೆ ಮೂರೂ ಅವಳಿಗೆ ಒಂದೇ ಪಾಠ. ಮಕ್ಕಳು ಮೊದಲು ಶಹಾಬಾದ್ ಕಲ್ಲಿನ ನೆಲದ ಮೇಲೆ ಸುಣ್ಣ, ಕೆಮ್ಮಣ್ಣಿನಿಂದ ಊಟದ ತಾಟು ಬರೆಯುವರು. ಆಮೇಲೆ ಪುಂಡಿಪಲ್ಯ, ಚಟ್ನಿಪುಡಿಯಂಥ ಶೇಂಗಾ ಹಿಂಡಿ, ರೊಟ್ಟಿಯನ್ನು ನಿಜವಾದ ತಾಟಿನಲ್ಲಿ ಹಾಗೇ ಒಪ್ಪವಾಗಿ ಬಡಿಸುವರು. ಹುಡುಗರು, ಹುಡುಗಿಯರು ಒಟ್ಟಿಗೇ ಹಿಟ್ಟು ನಾದುವರು.

ಶರಣಕುಮಾರ ದಿನಾ ಬಂದು ನಿಲ್ಲತೊಡಗಿದ.

"ಕೈವಾರ ಇಲ್ದನ ಇಷ್ಟು ದುಂಡಗ ಹೆಂಗ್ರಿ?"

ಅವಳಿಗೆ ನಗು. ಅವನು ಬರದ ದಿನ ಕಣ್ಣು ಬಾಗಿಲ ಕಡೆಗೆ... 'ಇವರು ಬ್ಯಾರೆಯವರಂಗಲ್ಲ' ಎಂದು ಮನಸ್ಸು ಪಿಸುಗುಟ್ಟುತ್ತಿತ್ತು.

ಆದರೆ ಒಂದು ಮಧ್ಯಾಹ್ನ ಶಾಲಾ ಸಮಿತಿ ಶಿಕ್ಷಕರನ್ನೆಲ್ಲ ಕರೆದು ಸಭೆ ಸೇರಿತು. ಅಧ್ಯಕ್ಷ ಗುರುಲಿಂಗಪ್ಪ ಗಂಟಲು ಸರಿಮಾಡಿಕೊಂಡರು.

"ಗಂಡು ಹುಡುಗ್ರು ರೊಟ್ಟಿ ಬಡಿಯೋದೇನ್ರಿ? ಅಡಿಗಿ ಕ್ಲಾಸ್ ಬಂದ್. ಚಿತ್ರ ಬೇಕಾದ್ರ ಕಲಸ್ರಿ."

"ಹುಡುಗ್ರು ಉಣ್ಣಂಗಿಲ್ಲೇನ್ರಿ? ಉಣ್ಣೋರಿಗೆ ಮಾಡ್ಲಿಕ್ಕೂ ಬರಬೇಕು."

"ಬರೇ ಅಷ್ಟೇ ಅಲ್ಲವ್ವಾ... ಮಂದಿ ಏನೇನೋ ಮಾತಾಡ್ತಾರ..."

ಯಶೋಧರಾಳ ಎದೆ ಉರಿಯಿತು.

"ನಾ ಮುಟ್ಟಿದ ಹಿಟ್ಟು ಮಕ್ಕಳು ತಿನಬಾರ್ದು. ಅದೇ ಅಲ್ಲೇನ್ರಿ? ಬಾಯಿ ಬಿಟ್ಟು ಹೇಳ್ರಿ!"

ಅಧ್ಯಕ್ಷರು ಮುಂದಿನ ಕಾಗದ ತೆಗೆದರು. ಅವಳು ಶರಣಕುಮಾರನತ್ತ ನೋಡಿದಳು. ಅಧ್ಯಕ್ಷರ ಜಾತಿಯವನೇ ಆದ ಅವನ ಒಂದು ಮಾತು ಸಾಕಿತ್ತು... ಅವನು ಎದ್ದ. ಒಂದೂ ಮಾತಾಡದೆ ಹೊರಗೆ ನಡೆದ. ತನ್ನೂರು ಸೇಡಂಗೆ ಹೋಗುವ ಬಸ್ಸು ಹತ್ತಿದ.

'ಇವರೂ ಅವರೊಳಗಿನವ್ರೇ!' ಅವಳ ಕಣ್ಣು ತುಂಬಿತು. ಆದರೆ ತಲೆ ಬಾಗಲಿಲ್ಲ.

ಮರುದಿನ ಅವಳು ಮನೆಯಿಂದಲೇ ಹಿಟ್ಟು, ಪುಂಡಿಸೊಪ್ಪು ತಂದು, ಎಲ್ಲರಿಗೂ ಕಾಣುವಂತೆ ಶಾಲೆಯ ಅಂಗಳದ ನಡುವೆ ಒಲೆ ಹೂಡಿದಳು.

"ಆರಿಸ್ರಿ ಟೀಚರ್, ಅಧ್ಯಕ್ಷರು ಗೇಟಿನ್ಯಾಗ ನಿಂತಾರ," ಎಂದರು ಮುಖ್ಯಗುರುಗಳು.

"ನಿಲ್ಲಲಿ. ಅವರಿಗೂ ಒಂದು ರೊಟ್ಟಿ ಮಾಡ್ತೀನಿ!"

ಅರ್ಧ ಮಕ್ಕಳನ್ನು ಮನೆಯವರು ಕಳಿಸಿರಲಿಲ್ಲ. ಬಂದವರು ಒಲೆಯ ಸುತ್ತ ಕುಳಿತರು.

ಆಗ ಗೇಟು ದಾಟಿ ಶರಣಕುಮಾರ ಬಂದ. ಜೊತೆಗೆ ಒಬ್ಬ ಹಿರಿಯ ಹೆಂಗಸು.

"ನಮ್ಮವ್ವ, ಉಮಾದೇವಿ."

ಉಮಾದೇವಿ ಯಶೋಧರಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನನ್ನ ಸಿಟ್ಟು ಇನ್ನೂ ಇಳಿದಿಲ್ಲವ್ವಾ. ಆದ್ರ 'ಮದಿವಿ ಆದ್ರ ಆಕೀನ್ನೇ' ಅಂತ ಮಗ ಹಠ ಹಿಡಿದು ಕುಂತಾನ. ಅದಕ್ಕ ನೋಡ್ಲಿಕ್ಕ ಬಂದೀನಿ."

ಮಕ್ಕಳ ಸಾಲಿನಲ್ಲೇ ಕುಳಿತು, ರೊಟ್ಟಿ ಮುರಿದು ಬಾಯಿಗಿಟ್ಟರು. "ಪಲ್ಯಕ್ಕ ಉಪ್ಪು ಕಡಿಮಿ ಆಗ್ಯಾದ," ಎಂದರು. ಇನ್ನೊಂದು ರೊಟ್ಟಿಗೆ ಕೈ ಚಾಚಿದರು!

ಗೇಟಿನಲ್ಲಿದ್ದ ಗುರುಲಿಂಗಪ್ಪ ಮುಖ ತಿರುಗಿಸಿಕೊಂಡು ಹೋದರು.

ಯಶೋಧರಾ ಶರಣಕುಮಾರನ ಎದುರು ನಿಂತಳು.

"ನಿಮ್ಮವ್ವಗ ಹೇಳಿದ್ರಿ. ನನ್ನ ಕೇಳಿದ್ರೇನು?"

"ಮನ್ಯಾಗ ಹೇಳಲಾರದವ ಊರ ಮುಂದ ಏನು ಮಾತಾಡ್ಲಿ ಅಂತ ಓಡಿದೆ... ನಿಮ್ಮನ್ನ ಈಗ ಕೇಳ್ಲಿಕತ್ತೀನಿ."

"ನಿನ್ನಿ ಸುಮ್ಮ ಎದ್ದು ಹೋದ್ರಲ್ಲ... ಅದಕ್ಕ ಭಾಳ ನೋವಾಗ್ಯಾದ."

"ತಪ್ಪಾತು, ಯಶೋಧರಾ."

"ನಾ ಒಲಿ ಹಚ್ಚೋದು ಬಿಡಂಗಿಲ್ಲ. ಯಾರ ಮುಂದೂ ತಲಿ ತಗ್ಗಸಂಗಿಲ್ಲ. ನಿಮ್ಮವ್ವನ ಮುಂದೂ!"

"ತಗ್ಗಿಸಿದ್ರ ನನಗ ನೀವು ಗುರ್ತೇ ಸಿಗಂಗಿಲ್ರಿ."

ಅವಳ ತುಟಿಯಲ್ಲಿ ತಡೆದಿಟ್ಟ ನಗು ಜಾರಿತು.

"ಹಂಗಾದ್ರ ಬಾಜೂಕ ಕುಂದರ್ರಿ."

"ಎಷ್ಟೊತ್ತು?"

"ಸಾಯೋತನಕ... ನಡೀತದೇನು?"

"ಭಾಳ ಛಲೋ ನಡೀತದ!"