ಸುಧಾ ಕೊಡದ ಕಾರ್ಡು

"ಒತ್ತಬ್ಯಾಡ ಮಾವ! ಅದನ್ನ ಒತ್ತಿದ್ರೆ ಎಲ್ಲಾ ಅಳಿಸಿಹೋಗ್ತಾವೆ!"

ಸುಧಾ ಕೂಗಿದ್ದಕ್ಕೆ ತೊಟ್ಟಿಲ ಸುತ್ತ ನಿಂತಿದ್ದವರೆಲ್ಲ ತಿರುಗಿ ನೋಡಿದರು. ಶಿವಮೂರ್ತಿ ಮಾವನ ಬೆರಳು ಇನ್ನೂ ಕ್ಯಾಮೆರಾದ ಬಟನ್ ಮೇಲೇ ಇತ್ತು. ಕಾರ್ಡ್ ಕೆಟ್ಟಿದೆ, ಫಾರ್ಮ್ಯಾಟ್ ಮಾಡಲೇ ಎಂದು ಕ್ಯಾಮೆರಾ ಕೇಳುತ್ತಿತ್ತು.

ಹರಿಹರದ ಮಾವನ ಮನೆಯಲ್ಲಿ ಅವತ್ತು ಪಾಪುಗೆ ಹೆಸರಿಡುವ ಕಾರ್ಯ. ಬೆಳಗಿನಿಂದ ಫೋಟೋ ತೆಗೆದವಳು ಸುಧಾ. ದಾವಣಗೆರೆಯಿಂದ ಹೊರಡುವಾಗ ಚಿಕ್ಕಪ್ಪ ಅಂಜನಕುಮಾರ ತನ್ನ ಕ್ಯಾಮೆರಾವನ್ನು ಅವಳ ಕೊರಳಿಗೆ ಹಾಕಿ, "ಎಂಟು ಜಿಬಿ ಕಾರ್ಡ್ ಐತೆ, ಫೋಟೋಕ್ಕೆ ಸಾಕು. ವಿಡಿಯೋ ಮಾತ್ರ ಮಾಡಬ್ಯಾಡ, ಬೇಗ ತುಂಬ್ತದೆ" ಎಂದಿದ್ದ.

ಸುಧಾ ಮಾಡಲಿಲ್ಲ. ಮಾವನೇ ಕ್ಯಾಮೆರಾ ಇಸಿದುಕೊಂಡು ಊಟದ ಪಂಕ್ತಿಯನ್ನು ಈ ತುದಿಯಿಂದ ಆ ತುದಿಯವರೆಗೆ ವಿಡಿಯೋ ಮಾಡಿದ. ಪಾಯಸದ ಬಕೆಟ್ಟನ್ನೂ ಬಿಡಲಿಲ್ಲ. ಕಾರ್ಡ್ ಫುಲ್!

"ತಡಿ, ಲ್ಯಾಪ್‌ಟಾಪಿಗೆ ಹಾಕಿ ಖಾಲಿ ಮಾಡೋಣ" ಎಂದು ಕಾರ್ಡನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದ. ಫೋಟೋಗಳು ಒಂದೊಂದಾಗಿ ಹೋಗತೊಡಗಿದವು. ಅಷ್ಟರಲ್ಲಿ ಯಾರೋ, "ಗ್ರೂಪ್ ಫೋಟೋ ತೆಗೀಬೇಕು, ಬರ್ರಿ" ಎಂದು ಕರೆದರು.

"ಮಾವ, ಇನ್ನೂ ಮುಗಿದಿಲ್ಲ..." ಎನ್ನುವಷ್ಟರಲ್ಲಿ ಮಾವ ಕಾರ್ಡನ್ನು ಸರಕ್ಕನೆ ಕಿತ್ತುಬಿಟ್ಟಿದ್ದ. ಲ್ಯಾಪ್‌ಟಾಪಿಗೆ ಬಂದದ್ದು ನಾಲ್ಕೋ ಐದೋ ಫೋಟೋ. ಉಳಿದದ್ದು ಎಲ್ಲೂ ಇಲ್ಲ. ಕಾರ್ಡನ್ನು ಮತ್ತೆ ಕ್ಯಾಮೆರಾಕ್ಕೆ ಹಾಕಿದಾಗಲೇ ಫಾರ್ಮ್ಯಾಟ್ ಮಾಡಲೇ ಎಂಬ ಆ ಪ್ರಶ್ನೆ ಬಂದದ್ದು.

ಸುಧಾ ಮಾವನ ಕೈಯಿಂದ ಕ್ಯಾಮೆರಾ ಕಸಿದುಕೊಂಡು ಆಫ್ ಮಾಡಿದಳು. ಕಾರ್ಡ್ ತೆಗೆದು, ಅದರ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಡಬ್ಬಿಯನ್ನು ಮುಷ್ಟಿಯಲ್ಲಿ ಹಿಡಿದಳು.

"ಕೊಡು ಇಲ್ಲಿ."

"ಕೊಡಲ್ಲ."

ಮಾವನ ಮುಖ ಕೆಂಪಾಯಿತು. "ನೋಡ್ರಿ, ಮಕ್ಕಳ ಕೈಗೆ ಕ್ಯಾಮೆರಾ ಕೊಟ್ರೆ ಹಿಂಗೇ ಆಗೋದು! ಏನೇನು ಒತ್ತಿ ಕೆಡಿಸಿದಾಳೋ!"

ಸುಧಾಳ ಮೈಯೆಲ್ಲ ಉರಿಯಿತು. ಕಿತ್ತವರು ಯಾರು, ಬೈಸಿಕೊಳ್ಳುವವರು ಯಾರು?

"ನಾನಲ್ಲ! ಮಾವನೇ..."

"ಸುಧಾ! ದೊಡ್ಡೋರಿಗೆ ಎದುರು ಮಾತಾಡಬ್ಯಾಡ" ಎಂದು ಅಮ್ಮ ರಟ್ಟೆ ಹಿಡಿದು ಎಳೆದಳು.

ಗ್ರೂಪ್ ಫೋಟೋ ಯಾರದೋ ಮೊಬೈಲಿನಲ್ಲಿ ಆಯಿತು. ಸುಧಾ ಅದರಲ್ಲಿ ನಿಲ್ಲಲಿಲ್ಲ. ಹೊರಡುವಾಗ ಮಾವನಿಗೆ ಹೋಗಿಬರ್ತೀನಿ ಅಂತಲೂ ಹೇಳಲಿಲ್ಲ. ದಾವಣಗೆರೆ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ, ಮಾವನಿಗೆ ಏನೇನು ಅನ್ನಬೇಕೆಂದು ಜೋಡಿಸುತ್ತಾ ಕುಳಿತಳು.

ಎಂ.ಸಿ.ಸಿ. ಬಡಾವಣೆಯ ಮನೆ ಸೇರಿದಾಗ ಚಿಕ್ಕಪ್ಪ ಎಲ್ಲ ಕೇಳಿಸಿಕೊಂಡ.

"ಆಮೇಲೆ ಇದರಲ್ಲಿ ಹೊಸ ಫೋಟೋ ತೆಗೆದ್ರಾ?"

"ಇಲ್ಲ. ನಾನು ಬಿಡಲಿಲ್ಲ."

"ಹಂಗಾದ್ರೆ ಸಿಗಬೋದು. ಹಳೇದರ ಜಾಗದಾಗೆ ಹೊಸದು ಬಂದು ಕೂತಿದ್ರೆ ಕಷ್ಟ ಇತ್ತು."

ಚಿಕ್ಕಪ್ಪ ಕಾರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಕಳೆದುಹೋದ ಫೋಟೋ ಹುಡುಕುವ ಸಾಫ್ಟ್‌ವೇರ್ ಹಾಕಿದ. ಅದು ಬಹಳ ಹೊತ್ತು ಹುಡುಕಿತು. ಆಮೇಲೆ ಒಂದೊಂದೇ ಫೋಟೋ ಬಂತು. ಕೆಲವು ಪೂರ್ತಿ, ಕೆಲವು ಅರ್ಧ ಬೂದು ಬಣ್ಣ. ಒಂದರಲ್ಲಿ ಮಾವನ ತಾಯಿ ಭೀಮವ್ವಜ್ಜಿ ಪಾಪುವನ್ನು ಎತ್ತಿಕೊಂಡಿದ್ದಳು. ಕ್ಯಾಮೆರಾ ಕಂಡರೆ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುವ ಅಜ್ಜಿ, ಇಲ್ಲಿ ಮರೆತು ಬಾಯ್ತುಂಬ ನಗುತ್ತಿದ್ದಳು.

"ಅಮ್ಮ, ಮಾವನಿಗೆ ಫೋನ್ ಮಾಡು. ಸ್ಪೀಕರ್ ಹಾಕು, ಎಲ್ಲಾರೂ ಕೇಳಲಿ."

ಮಾವ ತಕ್ಷಣ ಫೋನ್ ತೆಗೆದ. ಸುಧಾ "ಮಾವ" ಎನ್ನುವಷ್ಟರಲ್ಲೇ ಅವನ ದನಿ ಬಂತು, ಸಣ್ಣಗೆ. "ಸುಧಾ, ಏನಾದ್ರೂ ಸಿಕ್ಕಾವೇನವ್ವ? ಅವ್ವ ನಗೋದು ಒಂದಾದ್ರೂ? ನಮ್ಮ ಮನೆಯಾಗೆ ಅಂಥದ್ದು ಒಂದೂ ಇಲ್ಲ. ನನಗೆ ಊಟಾನೇ ಸೇರಲಿಲ್ಲ."

ಸುಧಾ ಸ್ಪೀಕರ್ ಆಫ್ ಮಾಡಿದಳು. ಫೋನನ್ನು ಕಿವಿಗೆ ಒತ್ತಿಕೊಂಡು ಬಾಗಿಲ ಹೊರಗೆ ಬಂದಳು.

"ಸಿಕ್ಕೈತೆ ಮಾವ. ಕೆಳಗೆ ಸ್ವಲ್ಪ ಹೋಗೈತೆ, ಮುಖ ಪೂರ್ತಿ ಐತೆ." ಬಾಗಿಲನ್ನು ಹಿಂದಕ್ಕೆ ಎಳೆದುಕೊಂಡು ಹೇಳಿದಳು: "ಆದ್ರೆ ಕಾರ್ಡ್ ಕೆಡಿಸಿದ್ದು ನಾನಲ್ಲ."

ಮಾವ ಅಂದ, "ನೀನಲ್ಲವ್ವ. ನಾನೇ."

ಒಳಗೆ ಬಂದಾಗ ಅಮ್ಮ ಕೇಳಿದಳು, "ಏನಂದ ನಿಮ್ಮ ಮಾವ?"

"ಅಜ್ಜಿ ಫೋಟೋ ಕಳಿಸು ಅಂದ" ಎಂದಳು ಸುಧಾ.